ವಾಮನನನ್ನು ಮರೆತ ತ್ರಿವಿಕ್ರಮ

ಸೂಪರ್‌ಮ್ಯಾನ್ ಸುದ್ದಿ ಬಂದರೆ ನನ್ನ ತರಗತಿಯಲ್ಲಿ ಎರಡು ಮಾತು ತಪ್ಪದೆ ಕೇಳಿಸುತ್ತವೆ. ಒಂದು, 'ಸರ, ಇದು ನಮ್ಮ ಕೃಷ್ಣನ ಕಥೀನ. ಅವ್ರು ಕದ್ದಾರ.' ಇನ್ನೊಂದು, 'ಹಳೇ ಪಿಕ್ಚರ್ ಭಾಳ ಸಪ್ಪಗ ಐತ್ರಿ, ಹೊಸಾದ್ರಾಗ ಫೈಟಿಂಗ್ ಭಾರಿ ಅದಾವ.' ಬಾಗಲಕೋಟೆಯ ಹುಡುಗ ಹುಡುಗಿಯರಿಗೆ ಅಭಿನಯ ಕಲಿಸುವುದು ನನ್ನ ಕೆಲಸ. ಎರಡು ಮಾತಿಗೂ ಉತ್ತರ ಕೊಡಲೇಬೇಕಾಗುತ್ತದೆ.

ಹಳೇದು ಎಂದರೆ 1978ರ 'ಸೂಪರ್‌ಮ್ಯಾನ್'. ನಿರ್ದೇಶಕ ರಿಚರ್ಡ್ ಡಾನರ್, ನಾಯಕ ಕ್ರಿಸ್ಟೋಫರ್ ರೀವ್. ಹೊಸದು ಎಂದರೆ 2013ರ 'ಮ್ಯಾನ್ ಆಫ್ ಸ್ಟೀಲ್'. ಅದರ ನಿರ್ದೇಶಕ ಝ್ಯಾಕ್ ಸ್ನೈಡರ್, ನಾಯಕ ಹೆನ್ರಿ ಕ್ಯಾವಿಲ್. ಅದೇ ಕಥೆಯನ್ನು ಮೊದಲಿನಿಂದ ಮತ್ತೆ ಹೇಳುವುದಕ್ಕೆ ಅವರು ರೀಬೂಟ್ ಅನ್ನುತ್ತಾರೆ. ನಮಗೇನೂ ಇದು ಹೊಸದಲ್ಲ. ಕುಲಗೋಡ ತಮ್ಮಣ್ಣ ಬೆಳೆಸಿಕೊಟ್ಟ ಶ್ರೀಕೃಷ್ಣ ಪಾರಿಜಾತವನ್ನು ಬೆಳಗಾವಿ, ಬಾಗಲಕೋಟೆ ಕಡೆ ಎಷ್ಟು ಮೇಳಗಳು ಆಡಿಲ್ಲ? 'ಮತ್ತೆ ಅದೇ ಕಥೆ ಯಾಕೆ' ಎಂದು ಯಾರೂ ಕೇಳುವುದಿಲ್ಲ. ಈ ಮೇಳದ ಸತ್ಯಭಾಮೆ ಹೇಗೆ ಮಾಡಿದಳು ಎಂದು ಕೇಳುತ್ತಾರೆ. ಸಿನಿಮಾಕ್ಕೂ ಆ ಪ್ರಶ್ನೆಯೇ ಸರಿ.

ಮೊದಲು ಕಳ್ಳತನದ ಮಾತು. ಸಿಡಿಯಲಿರುವ ಕ್ರಿಪ್ಟಾನ್ ಗ್ರಹದಿಂದ ಹೆತ್ತವರು ಕೂಸನ್ನು ನೌಕೆಯಲ್ಲಿಟ್ಟು ಭೂಮಿಗೆ ಕಳಿಸುತ್ತಾರೆ, ಇಲ್ಲಿ ಕೆಂಟ್ ದಂಪತಿ ಅದನ್ನು ಕ್ಲಾರ್ಕ್ ಎಂದು ಕರೆದು ಸಾಕುತ್ತಾರೆ; ಅವನೇ ಮುಂದೆ ಸೂಪರ್‌ಮ್ಯಾನ್. ಕೃಷ್ಣನ ನೆನಪಾಗುವುದು ಇದಕ್ಕೇ. ಸೂಪರ್‌ಮ್ಯಾನ್ ಹುಟ್ಟಿದ್ದು 1938ರಲ್ಲಿ, 'ಆಕ್ಷನ್ ಕಾಮಿಕ್ಸ್' ಪತ್ರಿಕೆಯ ಮೊದಲ ಸಂಚಿಕೆಯಲ್ಲಿ. ಬರೆದವರು ಜೆರ್ರಿ ಸೀಗಲ್, ಚಿತ್ರ ತೆಗೆದವರು ಜೋ ಶುಸ್ಟರ್. ಇಬ್ಬರೂ ಯುರೋಪಿನಿಂದ ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು, ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಜೊತೆಯಾದವರು. ಅವರ ಮನೆಯಲ್ಲಿ ಕೇಳಿಬರುತ್ತಿದ್ದ ಕಥೆ ಮೋಶೆಯದು. ಹೀಬ್ರೂ ಗಂಡುಕೂಸುಗಳನ್ನೆಲ್ಲ ಕೊಲ್ಲಿ ಎಂದು ಫರೋಹನ ಅಪ್ಪಣೆ. ತಾಯಿ ಕೂಸನ್ನು ಬುಟ್ಟಿಯಲ್ಲಿಟ್ಟು ನೈಲ್ ನದಿಯ ಜೊಂಡಿನ ನಡುವೆ ಬಿಡುತ್ತಾಳೆ. ಫರೋಹನ ಮಗಳೇ ಅದನ್ನು ಎತ್ತಿ ಸಾಕುತ್ತಾಳೆ. ಅಕ್ಕಾಡಿನ ರಾಜ ಸಾರ್ಗಾನ್ ಬಗ್ಗೆಯೂ ಇಂಥದೇ ಕಥೆಯಿದೆ. ಅಲ್ಲಿಯೂ ಬುಟ್ಟಿ, ಅಲ್ಲಿಯೂ ನದಿ. ನಮ್ಮಲ್ಲಿ ವಸುದೇವ ಯಮುನೆ ದಾಟುತ್ತಾನೆ, ಕುಂತಿ ಕರ್ಣನನ್ನು ಹೊಳೆಗೆ ಬಿಡುತ್ತಾಳೆ. ಯಾರು ಯಾರಿಂದ ತಗೊಂಡರು ಎಂದು ಪಂಚಾಯಿತಿ ಮಾಡುತ್ತ ಕುಂತರೆ ಅದು ಮುಗಿಯುವುದಿಲ್ಲ.

ಕಥೆಗಳು ಎಲ್ಲಿ ಬೇರೆಯಾಗುತ್ತವೆ ಎಂದು ನೋಡುವುದರಲ್ಲೇ ಸ್ವಾರಸ್ಯ ಜಾಸ್ತಿ. ಕೃಷ್ಣ ಮಥುರೆಗೆ ಮರಳುತ್ತಾನೆ, ಹೆತ್ತವರನ್ನು ಸೆರೆಯಿಂದ ಬಿಡಿಸುತ್ತಾನೆ. ಮೋಶೆ ತನ್ನ ಜನರನ್ನು ಕೂಡಿಕೊಂಡು ಹೊರಡುತ್ತಾನೆ. ಸೂಪರ್‌ಮ್ಯಾನ್‌ಗೆ ಮರಳಲು ಊರೇ ಇಲ್ಲ, ಕ್ರಿಪ್ಟಾನ್ ಗ್ರಹ ಸಿಡಿದು ಚೂರಾಗಿದೆ. ಹೊಡೆತ ತಾಗದ ಮೈ, ಸಾಕಿದ ಬಡ ತಂದೆತಾಯಿ, ಯಾರಿಗೂ ಹೇಳಲಾಗದ ಹುಟ್ಟು. ಇಷ್ಟರ ಮಟ್ಟಿಗೆ ಇವನು ಕೃಷ್ಣನಿಗಿಂತ ಕರ್ಣನಿಗೇ ಹತ್ತಿರ. ಊರು ಬಿಟ್ಟು ಬಂದವರ ಮಕ್ಕಳು ಕಟ್ಟಿದ ಕಥೆಯಲ್ಲವೇ? ಬೇರೆಯವರ ಊರಲ್ಲಿ ಹೇಗೆ ಬಾಳಬೇಕು ಎನ್ನುವುದೇ ಅದರ ಚಿಂತೆ.

ಯೇಸುವಿನ ಛಾಯೆ ಸಿನಿಮಾದಲ್ಲಿ ಗಟ್ಟಿಯಾಗಿ ಕಾಣಿಸಿದ್ದು 1978ರಲ್ಲಿ. ತಂದೆ ಜೋರ್-ಎಲ್ ಪಾತ್ರ ಮಾರ್ಲನ್ ಬ್ರ್ಯಾಂಡೋ ಅವರದು. ಭೂಮಿಯ ಜನ ಒಳ್ಳೆಯವರಾಗಬಲ್ಲರು, ದಾರಿ ತೋರುವ ಬೆಳಕಿಲ್ಲ, ಅದಕ್ಕೇ ನನ್ನ ಒಬ್ಬನೇ ಮಗನನ್ನು ಕಳಿಸಿದ್ದೇನೆ ಎಂಬ ಅರ್ಥದ ಮಾತನ್ನು ಅವನು ಆಡುತ್ತಾನೆ. ಬೈಬಲ್ ಓದಿದವರಿಗೆ ಇದು ಎಲ್ಲಿಂದ ಬಂತೆಂದು ಬಿಡಿಸಿ ಹೇಳಬೇಕಿಲ್ಲ. ವಯಸ್ಸನ್ನೂ ನೋಡಿ. ಹದಿನೆಂಟರ ಕ್ಲಾರ್ಕ್ ಹಿಮದ ನಾಡಿಗೆ ಹೋಗಿ 12 ವರ್ಷ ತಂದೆಯ ಧ್ವನಿ ಕೇಳುತ್ತಾನೆ. ಹೊರಬರುವಾಗ 30. ಯೇಸು ಬೋಧನೆ ಶುರು ಮಾಡಿದಾಗ ಅವನಿಗೆ ಸುಮಾರು 30 ವರ್ಷ ಎಂದು ಲೂಕನ ಸುವಾರ್ತೆ ಹೇಳುತ್ತದೆ. 'ಮ್ಯಾನ್ ಆಫ್ ಸ್ಟೀಲ್'ನ ಕ್ಲಾರ್ಕ್‌ಗೆ 33. ಅದು ಯೇಸುವನ್ನು ಶಿಲುಬೆಗೇರಿಸಿದಾಗಿನ ವಯಸ್ಸು ಎಂಬ ನಂಬಿಕೆಯಿದೆ. ಒಂದು ಸಿನಿಮಾ ಬೋಧಕನಿಂದ ಶುರುವಾಗುತ್ತದೆ, ಇನ್ನೊಂದು ನೇರ ಶಿಲುಬೆಗೇ ಹೋಗುತ್ತದೆ. ಎರಡರ ಗುಣವೂ ಈ ಮೂರು ವರ್ಷದ ಅಂತರದಲ್ಲಿದೆ ಅನ್ನಿಸುತ್ತದೆ ನನಗೆ.

ಇಲ್ಲಿ ನಾನು ಮಕ್ಕಳನ್ನು ಬಾದಾಮಿಗೆ ಕರೆದೊಯ್ಯುತ್ತೇನೆ. ಎರಡನೆಯ ಗುಹೆಯಲ್ಲಿ ಆರನೆಯ ಶತಮಾನದ ತ್ರಿವಿಕ್ರಮನಿದ್ದಾನೆ. ಒಂದು ಕಾಲು ನೆಲದಲ್ಲಿ, ಇನ್ನೊಂದು ಮೇಲೆ ಚಾಚಿ ನಿಂತಿದೆ. ಎಲ್ಲರೂ ಆ ಕಾಲಿನ ಫೋಟೋ ತೆಗೆದು ಮುಂದೆ ಹೋಗಿಬಿಡುತ್ತಾರೆ. ಸ್ವಲ್ಪ ಕೆಳಗೆ ನೋಡಿ ಅನ್ನುತ್ತೇನೆ. ಅದೇ ಕಲ್ಲಿನಲ್ಲಿ ಕೊಡೆ ಹಿಡಿದ ಕುಳ್ಳ ವಾಮನನೂ ಇದ್ದಾನೆ, ಅವನ ಎದುರು ಬಲಿ ಇದ್ದಾನೆ. ಮೊದಲಿನದು, ಆಮೇಲಿನದು ಎರಡೂ ಒಂದೇ ಚೌಕಟ್ಟಿನಲ್ಲಿ. ಕೆಳಗೆ ಆ ಸಣ್ಣವ ಇಲ್ಲದಿದ್ದರೆ ಮೇಲಿನವ ಎಷ್ಟು ದೊಡ್ಡವ ಎಂದು ಗೊತ್ತಾಗುವುದು ಹೇಗೆ?

ಹಾಲಿವುಡ್‌ನವರು ಬಾದಾಮಿ ನೋಡಿ ಸಿನಿಮಾ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಮೇಲೆ ಬೈದ ತಪ್ಪನ್ನೇ ನಾನು ಮಾಡಬಾರದಲ್ಲ! ಅಲ್ಲಿನ ಶಿಲ್ಪಿಗೆ ಗೊತ್ತಿದ್ದ ವಿದ್ಯೆಯೊಂದು ಕ್ರಿಸ್ಟೋಫರ್ ರೀವ್‌ಗೂ ಗೊತ್ತಿತ್ತು ಅಂತಷ್ಟೇ ಹೇಳುತ್ತಿದ್ದೇನೆ.

ಆ ದೃಶ್ಯವನ್ನು ತರಗತಿಯಲ್ಲಿ ಮತ್ತೆ ಮತ್ತೆ ತೋರಿಸುತ್ತೇನೆ. ತಾನೇ ಸೂಪರ್‌ಮ್ಯಾನ್ ಎಂಬ ಗುಟ್ಟು ಮುಚ್ಚಿಡಲು ಕನ್ನಡಕ ಹಾಕಿ ಪೆದ್ದನಂತಿರುವ ಪತ್ರಕರ್ತ ಕ್ಲಾರ್ಕ್, ತಾನು ಮೆಚ್ಚಿದ ಸಹೋದ್ಯೋಗಿ ಲೋಯಿಸ್ ಮನೆಗೆ ಬಂದಿದ್ದಾನೆ. ಅವಳು ಒಳಗೆ ಹೋಗಿದ್ದಾಳೆ. ಇವನಿಗೆ ನಿಜ ಹೇಳಿಬಿಡುವ ಆಸೆ. ಕನ್ನಡಕ ತೆಗೆಯುತ್ತಾನೆ. ಗೂನಾಗಿದ್ದ ಬೆನ್ನು ನೆಟ್ಟಗಾಗುತ್ತದೆ, ಭುಜ ಅಗಲವಾಗುತ್ತವೆ, ಧ್ವನಿ ಇಳಿದು ಗಂಭೀರವಾಗುತ್ತದೆ. ಅದೇ ಕೋಟು, ಅದೇ ಮನುಷ್ಯ. ನಿಂತಲ್ಲೇ ನಾಲ್ಕು ಬೆರಳು ಎತ್ತರ ಬೆಳೆದಂತೆ ಕಾಣುತ್ತಾನೆ. ಅವಳು ಹೊರಬರುವಷ್ಟರಲ್ಲಿ ಧೈರ್ಯ ಜಾರುತ್ತದೆ. ಭುಜ ಇಳಿಯುತ್ತವೆ, ಕನ್ನಡಕ ಮತ್ತೆ ಮೂಗಿನ ಮೇಲೆ. ಗ್ರಾಫಿಕ್ಸ್ ಇಲ್ಲ, ಹಾರಾಟ ಇಲ್ಲ. ದೊಡ್ಡವನು ತಾನಾಗಿ ಸಣ್ಣವನಾಗಿ ಉಳಿಯುವುದನ್ನು ಬರೀ ಬೆನ್ನುಹುರಿಯಲ್ಲಿ ತೋರಿಸಿದ್ದಾರೆ. ತಾಲೀಮಿನಲ್ಲಿ ಹುಡುಗರಿಗೆ ಇದನ್ನು ಮಾಡಿಸಿ ನೋಡಿ. ದೊಡ್ಡವನಾಗುವುದು ಎಲ್ಲರಿಗೂ ಬರುತ್ತದೆ, ಎದೆ ಉಬ್ಬಿಸಿದರೆ ಆಯಿತು. ಮರಳಿ ಸಣ್ಣವನಾಗುವುದು ಬರುವುದಿಲ್ಲ. ಅಲ್ಲಿ ಎಲ್ಲರೂ ಮುಗ್ಗರಿಸುತ್ತಾರೆ.

ಪಾರಿಜಾತದ ಕೃಷ್ಣನಿಗೂ ಇದೇ ಪರೀಕ್ಷೆ. ನಾರದ ತಂದ ಹೂವು ರುಕ್ಮಿಣಿಗೆ ಹೋಗಿದೆ, ಸತ್ಯಭಾಮೆ ಮುನಿಸಿಕೊಂಡಿದ್ದಾಳೆ. ಜಗತ್ತಿನ ಒಡೆಯ ಹೆಂಡತಿಯ ಮುಂದೆ ಗೋಗರೆಯಬೇಕು. ಭಾಗವತ ಬೇರೆ ನಡುವೆ ಬಾಯಿಹಾಕಿ ಕಾಲೆಳೆಯುತ್ತಾನೆ. ಜನ ನಗುತ್ತಾರೆ. ಮಂಗಳಾರತಿ ಹೊತ್ತಿಗೆ ಅದೇ ಜನ ಅದೇ ಪಾತ್ರಧಾರಿಗೆ ಕೈಮುಗಿಯುತ್ತಾರೆ. ಆ ನಗು ಇಲ್ಲದೆ ಆ ಕೈಮುಗಿತ ಬರುವುದಿಲ್ಲ.

'ಮ್ಯಾನ್ ಆಫ್ ಸ್ಟೀಲ್'ನಲ್ಲಿ ಯಾರೂ ನಾಯಕನ ಕಾಲೆಳೆಯುವುದಿಲ್ಲ. ಕನ್ನಡಕದ ಕ್ಲಾರ್ಕ್ ಬರುವುದೇ ಕೊನೆಯಲ್ಲಿ, ಪತ್ರಿಕಾ ಕಚೇರಿಗೆ ಕೆಲಸಕ್ಕೆ ಸೇರಿದಾಗ. ಲೋಯಿಸ್‌ಗಂತೂ ಗುಟ್ಟು ಮೊದಲೇ ಗೊತ್ತಾಗಿದೆ. ಹಾಗಾಗಿ ಸಿನಿಮಾ ಪೂರ್ತಿ ಮೇಲಿನ ಕಾಲು ಮಾತ್ರ ಕಾಣುತ್ತದೆ. ಅದನ್ನು ದೇವರ ಕಾಲು ಎಂದು ಹೇಳಲು ಗುರುತಿನ ಮೇಲೆ ಗುರುತು ಬೇಕಾಗಿದೆ. ಶತಮಾನಗಳ ನಂತರ ಕ್ರಿಪ್ಟಾನ್‌ನಲ್ಲಿ ಸಹಜವಾಗಿ ಹುಟ್ಟಿದ ಮೊದಲ ಕೂಸು ಇವನು. ಚರ್ಚಿನಲ್ಲಿ ಪಾದ್ರಿಯ ಜೊತೆ ಮಾತಾಡುವಾಗ ಇವನ ಹಿಂದಿನ ಬಣ್ಣದ ಗಾಜಿನಲ್ಲಿ ಪ್ರಾರ್ಥಿಸುವ ಯೇಸು. ನೀನು ಅವರೆಲ್ಲರನ್ನೂ ಉಳಿಸಬಲ್ಲೆ ಎಂದು ತಂದೆಯ ನೆರಳು ಹೇಳುತ್ತದೆ. ಆಗ ಇವನು ನೌಕೆಯಿಂದ ಎರಡೂ ಕೈ ಚಾಚಿ ಶಿಲುಬೆಯಂತೆ ಹೊರಗೆ ತೇಲುತ್ತಾನೆ. ಸ್ಟುಡಿಯೋದವರು ಪಾದ್ರಿಗಳಿಗೆ ವಿಶೇಷ ಪ್ರದರ್ಶನ ಏರ್ಪಡಿಸಿ, ಈ ಸಿನಿಮಾ ಇಟ್ಟುಕೊಂಡು ಉಪದೇಶ ಮಾಡಲು ಟಿಪ್ಪಣಿಯನ್ನೂ ಕೊಟ್ಟಿದ್ದರು. ಕಂಪನಿ ನಾಟಕದಲ್ಲಿ ಹೀಗೆ ಆದರೆ ಹಳೆಯ ಮಾಸ್ತರರು ಒಂದೇ ಮಾತು ಹೇಳುತ್ತಿದ್ದರು, 'ಪರದೆ ಆಕ್ಟಿಂಗ್ ಮಾಡಾಕ ಹತ್ತೇತಿ, ನೀ ಏನ್ ಮಾಡಾಕ ಹತ್ತೀಯೋ?'

ಸಾಕುತಂದೆ ಜೊನಾಥನ್ ಕೆಂಟ್‌ನ ಸಾವಿನಲ್ಲಿ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ. 1978ರಲ್ಲಿ ಅವನು ಹೃದಯಾಘಾತದಿಂದ ಸಾಯುತ್ತಾನೆ. ಇಷ್ಟೆಲ್ಲ ಶಕ್ತಿ ಇದ್ದೂ ಅಪ್ಪನನ್ನು ಉಳಿಸಿಕೊಳ್ಳಲಾಗಲಿಲ್ಲ ಎಂದು ಮಗ ಕೊರಗುತ್ತಾನೆ. ಹಾರುವವನೂ ನಮ್ಮ ಹಾಗೇ ಅಂತ ನಮಗೆ ಅನ್ನಿಸುವುದು ಅಲ್ಲಿ. 2013ರಲ್ಲಿ ಸುಂಟರಗಾಳಿ. ಮಗ ಒಂದು ಕ್ಷಣದಲ್ಲಿ ಹೋಗಿ ಎತ್ತಿಕೊಂಡು ಬರಬಹುದು. ತಂದೆ ಬೇಡ ಎಂದು ಕೈ ತೋರಿಸುತ್ತಾನೆ, ಗುಟ್ಟು ಬಯಲಾಗಬಾರದು. ಮಗ ನಿಂತು ನೋಡುತ್ತಾನೆ. ಉಳಿಸಲಾರದ ದುಃಖದ ಜಾಗಕ್ಕೆ ಉಳಿಸಬಾರದು ಎಂಬ ಅಪ್ಪಣೆ ಬಂತು. ಬರೆದವರಿಗೆ ಇದು ತ್ಯಾಗದ ದೃಶ್ಯ. ಒಬ್ಬ ಹುಡುಗಿ ತರಗತಿಯಲ್ಲಿ ಕೇಳಿದಳು, 'ಅಪ್ಪ ಸಾಯೋದನ್ನ ನೋಡಿ ಕಲಿತವ ಊರಿನ ಮಂದೀನ ಯಾಕ ಉಳಿಸ್ತಾನ್ರೀ?' ಕೊನೆಯ ಕಾಳಗದಲ್ಲಿ ಮೆಟ್ರೋಪೊಲಿಸ್ ನಗರದ ಕಟ್ಟಡಗಳು ಸಾಲುಸಾಲಾಗಿ ಬೀಳುವಾಗ ಅವಳ ಪ್ರಶ್ನೆ ನೆನಪಾಗದೆ ಇರದು. ಕಡೆಗೆ ಖಳನಾಯಕ ಝಾಡ್‌ನ ಕುತ್ತಿಗೆ ಮುರಿದು ಸೂಪರ್‌ಮ್ಯಾನ್ ಚೀರುತ್ತಾನೆ. ಯೇಸುವಿನ ಕಥೆಗೆ ಈ ಮುಕ್ತಾಯ ಕೂಡುವುದೇ ಇಲ್ಲ. ನರಸಿಂಹನ ಕಥೆಗೆ ಕೂಡಬಹುದಿತ್ತು, ಆದರೆ ಅವರು ಎರಡು ತಾಸು ಕಟ್ಟಿದ್ದು ಬೇರೆ ದೇವರನ್ನು.

ಹಳೆಯದೂ ಎಡವಿಲ್ಲ ಅಂತಲ್ಲ. ಮನುಷ್ಯರ ಇತಿಹಾಸದಲ್ಲಿ ಕೈಹಾಕಬೇಡ ಎಂದು ತಂದೆ ಹೇಳಿದ್ದನ್ನು ಮೀರಿ, ಭೂಮಿ ಸುತ್ತ ಹಾರಿ, ಕಾಲವನ್ನೇ ಹಿಂದಕ್ಕೆ ತಿರುಗಿಸಿ ಸತ್ತ ಲೋಯಿಸ್‌ಳನ್ನು ಬದುಕಿಸುತ್ತಾನೆ. ಸಾವಿತ್ರಿ ಯಮನ ಜೊತೆ ವಾದ ಮಾಡಿ ಗೆದ್ದಳು. ಇವನು ಗಡಿಯಾರದ ಮುಳ್ಳು ತಿರುಗಿಸಿದ ಅಷ್ಟೇ. ನಾಟಕದ ಲೆಕ್ಕದಲ್ಲಿ ಅಗ್ಗದ ಉಪಾಯ. ಆದರೂ ದೇವರ ಮಗ ಪ್ರೀತಿಗಾಗಿ ಅಪ್ಪನ ಮಾತು ಮುರಿಯುವುದು ಒಂದು ನಿಲುವು. ಅದನ್ನು ಒಪ್ಪದಿದ್ದರೂ ಅವನು ಯಾರೆಂದು ತಿಳಿಯುತ್ತದೆ.

'ಮ್ಯಾನ್ ಆಫ್ ಸ್ಟೀಲ್'ನಲ್ಲೂ ನನಗೆ ಬಹಳ ಇಷ್ಟವಾದ ಒಂದು ದೃಶ್ಯವಿದೆ. ಶಾಲೆಯಲ್ಲಿ ಪುಟ್ಟ ಕ್ಲಾರ್ಕ್‌ಗೆ ಇದ್ದಕ್ಕಿದ್ದಂತೆ ಎಲ್ಲರ ಎಲುಬು ಕಾಣುತ್ತವೆ, ಎಲ್ಲ ಸದ್ದೂ ಕಿವಿಗೆ ಅಪ್ಪಳಿಸುತ್ತದೆ. ಹೆದರಿ ಓಡಿಹೋಗಿ ಸಣ್ಣ ಕೋಣೆಯಲ್ಲಿ ಬಾಗಿಲು ಹಾಕಿಕೊಳ್ಳುತ್ತಾನೆ. ಜಗತ್ತು ತುಂಬಾ ದೊಡ್ಡದು ಅನ್ನುತ್ತಾನೆ. ಹಾಗಾದರೆ ಅದನ್ನು ಸಣ್ಣದು ಮಾಡಿಕೋ ಎಂದು ಬಾಗಿಲಾಚೆಯಿಂದ ತಾಯಿ ಹೇಳುತ್ತಾಳೆ. ಇಡೀ ಸಿನಿಮಾದಲ್ಲಿ ವಾಮನ ಕಾಣಿಸುವುದು ಇಲ್ಲೊಂದೇ ಕಡೆ. ನಿರ್ದೇಶಕರಿಗೆ ವಿದ್ಯೆ ಗೊತ್ತಿತ್ತು, ಮುಂದೆ ಬಳಸಲಿಲ್ಲ. ಅದಕ್ಕೇ ನನಗೆ ಹೊಟ್ಟೆಕಿಚ್ಚಿನಷ್ಟೇ ಸಿಟ್ಟೂ ಇದೆ.

2025ರಲ್ಲಿ ಜೇಮ್ಸ್ ಗನ್ ಮತ್ತೊಮ್ಮೆ ಕಥೆಯನ್ನು ಮೊದಲಿನಿಂದ ಹೇಳಿದರು, ಡೇವಿಡ್ ಕೊರೆನ್ಸ್‌ವೆಟ್ ನಾಯಕ. ಇಲ್ಲಿ ಹೆತ್ತವರ ಸಂದೇಶ ಅರ್ಧ ಹಾಳಾಗಿದೆ. ಜನರ ಸೇವೆ ಮಾಡು ಎಂಬಷ್ಟನ್ನೇ ಮಗ ಕೇಳಿಕೊಂಡು ಬೆಳೆದಿದ್ದಾನೆ. ಉಳಿದರ್ಧ ಸಿಕ್ಕಾಗ ಅದರಲ್ಲಿ ಭೂಮಿಯನ್ನು ಆಳು ಎಂದಿರುತ್ತದೆ! 1978ರಲ್ಲಿ ಬ್ರ್ಯಾಂಡೋ ಆಡಿದ ಮಾತಿನ ಬುಡಕ್ಕೇ ಕೊಡಲಿ. ಆಕಾಶದ ತಂದೆ ಕೈಬಿಟ್ಟ ಮೇಲೆ ಅವನಿಗೆ ಉಳಿಯುವುದು ಹೊಲಮನೆಯ ಸಾಕುತಂದೆ. ನಾಯಿಯೊಂದು ಅವನ ಮಾತು ಕೇಳುವುದಿಲ್ಲ, ಲೋಯಿಸ್ ಪ್ರಶ್ನೆ ಕೇಳಿ ಬೆವರಿಳಿಸುತ್ತಾಳೆ, ಗದ್ದಲದ ನಡುವೆ ಅಳಿಲೊಂದನ್ನೂ ಉಳಿಸುತ್ತಾನೆ. ಕಾಲೆಳೆಯುವವರು ವಾಪಸ್ ಬಂದಿದ್ದಾರೆ. ನನ್ನ ದೂರು ಒಂದೇ: ಜೋಕು ಸ್ವಲ್ಪ ಜಾಸ್ತಿಯಾಗಿ, ಆತ ನೆಟ್ಟಗೆ ನಿಲ್ಲಬೇಕಾದ ಹೊತ್ತಿಗೂ ಯಾರೋ ನಡುವೆ ಬಾಯಿಹಾಕುತ್ತಾರೆ. ಒಳ್ಳೆಯ ಭಾಗವತನಿಗೆ ಯಾವಾಗ ಸುಮ್ಮನಿರಬೇಕು ಎಂದೂ ಗೊತ್ತಿರುತ್ತದೆ.

ಮುಂದಿನ ವಾರಕ್ಕೆ ಮಕ್ಕಳಿಗೆ ಕೆಲಸ ಕೊಟ್ಟಿದ್ದೇನೆ. ರೀವ್‌ನ ಕನ್ನಡಕದ ದೃಶ್ಯವನ್ನು ಸದ್ದು ಬಂದ್ ಮಾಡಿ ನೋಡಬೇಕು, ಚರ್ಚಿನ ದೃಶ್ಯವನ್ನು ಕಣ್ಣುಮುಚ್ಚಿ ಬರೀ ಕೇಳಬೇಕು. ಎರಡರಲ್ಲಿ ಯಾವುದರಿಂದ ಏನು ದಕ್ಕಿತು ಎಂದು ಒಂದು ಪುಟ ಬರೆದು ತರಬೇಕು.