ಸರ್ಕಾರಕ್ಕೆ ಕಾಯಲು ಬಿಡದ ಶೀರ್ಷಿಕೆಗಳು

ಮಂಗಳೂರಿನ ಸುದ್ದಿಮನೆಯೊಂದರ ಡೆಸ್ಕ್‌ನಲ್ಲಿ ಬಹುಕಾಲ ರಾತ್ರಿ ಪಾಳಿ ನಿಭಾಯಿಸಿ, ಈಗ ಹೊಸಬರಿಗೆ ಅದೇ ಕೆಲಸ ಕಲಿಸುತ್ತಿರುವ ನನಗೆ, ಪತ್ರಿಕೆಗಳು ಯುದ್ಧ ಮಾಡಿಸಬಲ್ಲವೇ ಎಂಬ ಪ್ರಶ್ನೆ ಆಗಾಗ ಎದುರಾಗುತ್ತದೆ. ಅವುಗಳಿಂದಷ್ಟೇ ಯುದ್ಧವಾಗುವುದಿಲ್ಲ; ಆದರೆ ಯುದ್ಧ ತಪ್ಪಿಸಲು ಆಳುವವರಿಗೆ ಬೇಕಾದ ಸಮಯವನ್ನು ಅವು ಕಸಿದುಕೊಳ್ಳಬಲ್ಲವು.

1898ರ ಫೆಬ್ರುವರಿ 15ರ ರಾತ್ರಿ ಹವಾನಾ ಬಂದರಿನಲ್ಲಿ ಅಮೆರಿಕದ ‘ಮೇನ್’ ಯುದ್ಧನೌಕೆ ಸ್ಫೋಟಗೊಂಡು 260ಕ್ಕೂ ಹೆಚ್ಚು ಮಂದಿ ಸತ್ತರು. ಕ್ಯೂಬಾ ಆಗ ಸ್ಪೇನಿನ ವಸಾಹತು. ನೌಕೆಯ ಕಪ್ತಾನ ಸಿಗ್ಸ್‌ಬೀ ತನ್ನ ಮೊದಲ ತಂತಿ ಸಂದೇಶದಲ್ಲೇ, ಮುಂದಿನ ವರದಿ ಬರುವ ತನಕ ಜನ ಯಾವ ತೀರ್ಮಾನಕ್ಕೂ ಬರಬಾರದೆಂದು ಕೋರಿದ್ದರು. ಪ್ರಾಣಾಪಾಯದಿಂದ ಪಾರಾದ ಆ ಅಧಿಕಾರಿಗಿದ್ದ ತಾಳ್ಮೆ ನ್ಯೂಯಾರ್ಕಿನ ಸಂಪಾದಕರಿಗೆ ಇರಲಿಲ್ಲ. ಎರಡೇ ದಿನಗಳಲ್ಲಿ ಹರ್ಸ್ಟ್ ಒಡೆತನದ ‘ಜರ್ನಲ್’ ಪತ್ರಿಕೆ ಇದು ಶತ್ರುವಿನ ಕೃತ್ಯವೆಂದು ಮುಖಪುಟದಲ್ಲಿ ಸಾರಿ, ತಪ್ಪಿತಸ್ಥರ ಪತ್ತೆಗೆ 50,000 ಡಾಲರ್ ಬಹುಮಾನ ಘೋಷಿಸಿ, ಹಡಗಿನಡಿ ಇಟ್ಟ ಸಿಡಿಗುಂಡಿಗೆ ದಡದಿಂದ ತಂತಿ ಎಳೆದಂತೆ ಚಿತ್ರವನ್ನೂ ಅಚ್ಚುಹಾಕಿತು. ಆ ಚಿತ್ರ ಯಾರೂ ಕಂಡದ್ದಲ್ಲ, ಕೇವಲ ಊಹೆ. ಪುಲಿಟ್ಜರ್ ಅವರ ‘ವರ್ಲ್ಡ್’ ಬಾಂಬೋ ಟಾರ್ಪೆಡೋವೋ ಎಂಬ ಶೀರ್ಷಿಕೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿತ್ತು. ಅಪಘಾತದ ಸಾಧ್ಯತೆಯನ್ನೇ ಬಿಟ್ಟು ಕೇಳುವ ಇಂಥ ಪ್ರಶ್ನೆಯನ್ನು ನಾನು ಎಚ್ಚರಿಕೆಯೆಂದು ಒಪ್ಪುವುದಿಲ್ಲ.

ಕ್ಯೂಬಾದಲ್ಲಿ 1895ರಿಂದಲೇ ದಂಗೆ ನಡೆಯುತ್ತಿತ್ತು, ಅಲ್ಲಿನ ಸಕ್ಕರೆ ಉದ್ಯಮದಲ್ಲಿ ಅಮೆರಿಕನ್ನರ ಬಂಡವಾಳವಿತ್ತು, ನೌಕಾಪಡೆಯ ತನಿಖಾ ಮಂಡಳಿಯೂ ಮಾರ್ಚ್‌ನಲ್ಲಿ ಹೊರಗಿನ ಸಿಡಿಗುಂಡನ್ನೇ ಕಾರಣವೆಂದಿತು. ಆದ್ದರಿಂದ ಎಲ್ಲ ಹೊಣೆಯನ್ನು ಪತ್ರಿಕೆಗಳ ಮೇಲೆ ಹೊರಿಸುವುದು ಇತಿಹಾಸಕ್ಕೆ ಅಪಚಾರ. ಆದರೆ ಯುದ್ಧಕ್ಕೆ ಹಿಂಜರಿಯುತ್ತಿದ್ದ ಅಧ್ಯಕ್ಷ ಮೆಕಿನ್ಲೆ ಅವರಿಗೆ, ವಾರಗಟ್ಟಲೆ ಇಂಥ ಮುಖಪುಟಗಳನ್ನು ಓದಿದ ಮತದಾರರ ಮುಂದೆ ನಿಂತು ಇನ್ನಷ್ಟು ಕಾಯೋಣ ಎನ್ನುವುದು ದಿನೇದಿನೇ ಕಷ್ಟವಾಯಿತು. ಏಪ್ರಿಲ್‌ನಲ್ಲಿ ಸ್ಪೇನ್ ವಿರುದ್ಧ ಯುದ್ಧ ಘೋಷಣೆಯಾಯಿತು. 1976ರಲ್ಲಿ ಅಡ್ಮಿರಲ್ ರಿಕೋವರ್ ನಡೆಸಿದ ಮರುಪರಿಶೀಲನೆಯು, ಕಲ್ಲಿದ್ದಲು ಕೋಠಿಯ ಬೆಂಕಿ ಪಕ್ಕದ ಮದ್ದುಗುಂಡಿಗೆ ತಗಲಿರುವ ಸಂಭವವೇ ಹೆಚ್ಚು ಎಂದಿತು.

ಈಗ ಆ ಚಿತ್ರದ ಜಾಗದಲ್ಲಿ ಗ್ರಾಫಿಕ್ಸ್ ಬಂದಿದೆ. ಭಾರತ-ಪಾಕಿಸ್ತಾನ ಸಂಘರ್ಷದ ನಡುವೆ, 2025ರ ಮೇ 8ರ ರಾತ್ರಿ ಹಲವು ಟಿವಿ ವಾಹಿನಿಗಳು ನಮ್ಮ ನೌಕಾಪಡೆ ಕರಾಚಿ ಬಂದರಿನ ಮೇಲೆ ದಾಳಿ ಮಾಡಿದೆಯೆಂದು ಬಿತ್ತರಿಸಿದವು. ಅಂಥ ದಾಳಿ ನಡೆದಿರಲೇ ಇಲ್ಲ. ಕರಾಚಿ ಇರುವುದು ನಮ್ಮದೇ ಅರಬ್ಬಿ ಸಮುದ್ರದ ದಂಡೆಯಲ್ಲಿ. ಜೂನ್ ಒಂದರಿಂದ ಜಾರಿಯಾಗುವ ಮೀನುಗಾರಿಕೆ ನಿಷೇಧಕ್ಕೆ ಮುಂಚಿನ ಆ ದಿನಗಳಲ್ಲಿ ಇಲ್ಲಿನ ಬೋಟುಗಳು ಆಳಸಮುದ್ರದಲ್ಲಿರುತ್ತವೆ. ಕೊಲ್ಲಿ ದೇಶಗಳಲ್ಲೂ ಹಡಗುಗಳಲ್ಲೂ ದುಡಿಯುವವರು ಈ ಕರಾವಳಿ ಜಿಲ್ಲೆಗಳ ಬಹಳಷ್ಟು ಮನೆಗಳಲ್ಲಿದ್ದಾರೆ. ಸ್ಟುಡಿಯೋದಲ್ಲಿ ಕುಳಿತು ಸಮುದ್ರಕ್ಕೆ ಬೆಂಕಿ ಹಚ್ಚುವವರಿಗೆ ಇವರ ಲೆಕ್ಕವಿರುವುದಿಲ್ಲ. ಕಾರ್ಯಕ್ರಮಗಳಲ್ಲಿ ವಾಯುದಾಳಿಯ ಸೈರನ್ ಸದ್ದು ಬಳಸಬೇಡಿ ಎಂದು ಮೇ 10ರಂದು ಸರ್ಕಾರವೇ ಮಾಧ್ಯಮಗಳಿಗೆ ಹೇಳಬೇಕಾಯಿತು.

ಡೆಸ್ಕ್‌ನಲ್ಲಿ ಇದು ನಡೆಯುವ ಬಗೆ ಬಹಳ ಸಾಮಾನ್ಯ. ವರದಿಗಾರ ‘ಮೂಲಗಳ ಪ್ರಕಾರ’ ಎಂದು ಕಳುಹಿಸಿದ ವಾಕ್ಯ ಶೀರ್ಷಿಕೆಯಾಗುವಾಗ, ಕಾಲಂ ಅಗಲಕ್ಕೆ ಹೊಂದಿಸಲು ಮೊದಲು ಕತ್ತರಿಸಲ್ಪಡುವುದು ಆ ಮೂಲವೇ. ಇನ್ನೊಂದು ವಾಹಿನಿ ಅದನ್ನೇ ನೋಡಿ ಹೇಳುತ್ತದೆ, ಅದನ್ನು ಕಂಡು ನಮ್ಮವರು ಸುದ್ದಿ ಖಚಿತವಾಯಿತೆನ್ನುತ್ತಾರೆ. ಆದರೆ ಮೂಲ ಒಂದೇ ಆಗಿರುತ್ತದೆ, ಕೆಲವೊಮ್ಮೆ ಅದೂ ಇರುವುದಿಲ್ಲ. ಆದ್ದರಿಂದ ಸಂಘರ್ಷದ ರಾತ್ರಿಗಳಲ್ಲಿ ಹೇಳಿದವರ ಹೆಸರು ಅಥವಾ ಹುದ್ದೆಯನ್ನು ಶೀರ್ಷಿಕೆಯಲ್ಲೇ ಉಳಿಸಿಕೊಳ್ಳಿ, ಎದುರು ದೇಶದ ನಿರಾಕರಣೆಯನ್ನು ಅದೇ ಸುದ್ದಿಯ ಮೊದಲ ಮೂರು ಪ್ಯಾರಾಗಳೊಳಗೆ ಕೊಡಿ ಎಂದು ಹೇಳಿಕೊಡುತ್ತೇನೆ. ಶತ್ರುವಿನ ಮಾತಿಗೆ ನಾವೇಕೆ ಜಾಗ ಕೊಡಬೇಕು ಸರ್ ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಮರುದಿನ ನಮ್ಮದೇ ಸೇನೆಯ ಅಧಿಕೃತ ಹೇಳಿಕೆ ಆ ನಿರಾಕರಣೆಯೊಂದಿಗೆ ಹೊಂದಿಕೆಯಾದರೆ, ಓದುಗ ಅನುಮಾನಿಸುವುದು ಶತ್ರುವನ್ನಲ್ಲ, ನಮ್ಮ ಪತ್ರಿಕೆಯನ್ನು ಎಂಬುದು ನನ್ನ ಉತ್ತರ.