ಟ್ರೇಲರ್‌ಗೆ ಮಿಡಿಯುವ ನರಕೋಶ

2023ರ ನವೆಂಬರಿನಲ್ಲಿ ರಾಕ್‌ಸ್ಟಾರ್ ಗೇಮ್ಸ್ ಸಂಸ್ಥೆಯು ತನ್ನ ಮುಂದಿನ ಗ್ರ್ಯಾಂಡ್ ಥೆಫ್ಟ್ ಆಟೋ ವಿಡಿಯೊ ಆಟದ ಮೊದಲ ಟ್ರೇಲರ್ ಡಿಸೆಂಬರಿನ ಆರಂಭದಲ್ಲಿ ಬರಲಿದೆ ಎಂಬ ಸಣ್ಣ ಪ್ರಕಟಣೆಯನ್ನು ಹೊರಡಿಸಿತು. ಆಟ ಬಂದಿರಲಿಲ್ಲ, ಆಟದ ತುಣುಕೂ ಬಂದಿರಲಿಲ್ಲ. ತುಣುಕು ಬರುತ್ತದೆ ಎಂಬ ಸುದ್ದಿಯಷ್ಟೇ ಬಂದಿತ್ತು. ಅಷ್ಟಕ್ಕೇ ಆಟಗಾರರಲ್ಲಿ ಸಂಭ್ರಮ ಉಕ್ಕಿತು. ಇದನ್ನು ಹುಚ್ಚು ಎಂದು ತಳ್ಳಿಹಾಕುವವರಿದ್ದಾರೆ. ಡೋಪಮೈನ್ ಎಂಬ, ಮಿದುಳಿನ ‘ಸುಖದ ರಾಸಾಯನಿಕ’ ತಲೆಗೇರಿದೆ ಎಂದು ವಿಜ್ಞಾನದ ಹೆಸರಿನಲ್ಲಿ ಷರಾ ಬರೆಯುವವರು ಇನ್ನೂ ಹೆಚ್ಚು. ಈ ಎರಡನೆಯ ಮಾತು ಎಲ್ಲಿ ತಪ್ಪಿದೆ ಎಂದು ಹುಡುಕಹೊರಟರೆ ಬಿಡುಗಡೆಯ ಕಾತರದ ಒಳಗುಟ್ಟು ಸಿಗುತ್ತದೆ.

ಈ ತಪ್ಪುಗ್ರಹಿಕೆಗೆ ಹಳೆಯ ಬೇರುಗಳಿವೆ. 1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್, ಇಲಿಗಳ ಮಿದುಳಿನ ಕೆಲವು ಭಾಗಗಳಿಗೆ ವಿದ್ಯುದಗ್ರಗಳನ್ನು ಸೇರಿಸಿ, ಸನ್ನೆಕೋಲೊಂದನ್ನು ಒತ್ತಿದರೆ ಅಲ್ಲಿಗೆ ಸಣ್ಣ ವಿದ್ಯುತ್ ಪ್ರವಾಹ ಹರಿಯುವಂತೆ ಮಾಡಿದರು. ಇಲಿಗಳು ಆ ಸನ್ನೆಕೋಲನ್ನು ಮತ್ತೆ ಮತ್ತೆ ಒತ್ತುತ್ತಲೇ ಹೋದವು. ಮಿದುಳಿನ ‘ಸುಖಕೇಂದ್ರ’ ಸಿಕ್ಕಿತೆಂಬ ಮಾತು ಹಬ್ಬಿತು. ಆ ಮಾರ್ಗಗಳಲ್ಲಿ ಡೋಪಮೈನಿನ ಪಾತ್ರವಿದೆಯೆಂದು ಮುಂದೆ ತಿಳಿದಾಗ ಸುಖದ ಬಿರುದು ಅದಕ್ಕೆ ಅಂಟಿಕೊಂಡಿತು. ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ಈ ನಂಬಿಕೆಯನ್ನು ಅಲುಗಾಡಿಸಿದರು. ಡೋಪಮೈನನ್ನು ಬಹುತೇಕ ಕಳೆದುಕೊಂಡ ಇಲಿಗಳು ತಾವಾಗಿ ಆಹಾರದತ್ತ ಹೋಗುತ್ತಿರಲಿಲ್ಲ, ಆದರೆ ನಾಲಿಗೆಯ ಮೇಲೆ ಸಕ್ಕರೆ ನೀರು ಬಿಟ್ಟರೆ ಮೊದಲಿನಂತೆಯೇ ಚಪ್ಪರಿಸುತ್ತಿದ್ದವು. ಸವಿಯುವ ಶಕ್ತಿ ಉಳಿದಿತ್ತು, ಬೇಕೆಂಬ ತುಡಿತ ಹೋಗಿತ್ತು.

ಇದಕ್ಕಿಂತ ಸೊಗಸಾದದ್ದು ಸ್ವಿಟ್ಜರ್ಲೆಂಡಿನ ಫ್ರೈಬೋರ್ಗ್‌ನಲ್ಲಿ ವೋಲ್ಫ್ರಮ್ ಶುಲ್ಟ್ಸ್ ಕೋತಿಗಳೊಂದಿಗೆ ನಡೆಸಿದ ಪ್ರಯೋಗ. ಕೋತಿಯ ಬಾಯಿಗೆ ಅನಿರೀಕ್ಷಿತವಾಗಿ ಹಣ್ಣಿನ ರಸದ ಹನಿ ಬಿದ್ದರೆ ಡೋಪಮೈನ್ ನರಕೋಶಗಳು ಚುರುಕಾಗಿ ಮಿಡಿಯುತ್ತವೆ. ರಸಕ್ಕೆ ತುಸು ಮೊದಲು ಪ್ರತಿ ಬಾರಿಯೂ ಒಂದು ದೀಪ ಹೊತ್ತುವಂತೆ ಮಾಡಿದರೆ, ಕೆಲವು ಕಾಲದ ಅಭ್ಯಾಸದ ನಂತರ ಆ ಮಿಡಿತ ದೀಪ ಹೊತ್ತಿದ ಕ್ಷಣಕ್ಕೆ ಜಾರುತ್ತದೆ. ರಸ ಬಂದಾಗ ಅವೇ ನರಕೋಶಗಳು ಏನೂ ಆಗಿಲ್ಲವೆಂಬಂತೆ ತಮ್ಮ ಸಾಮಾನ್ಯ ಲಯದಲ್ಲೇ ಇರುತ್ತವೆ. ದೀಪ ಹೊತ್ತಿಯೂ ರಸ ಬಾರದಿದ್ದರೆ, ಅದು ಬರಬೇಕಿದ್ದ ಹೊತ್ತಿಗೆ ಸರಿಯಾಗಿ ಮಿಡಿತ ಕುಸಿಯುತ್ತದೆ. 1997ರಲ್ಲಿ ಶುಲ್ಟ್ಸ್, ಪೀಟರ್ ಡಾಯನ್ ಮತ್ತು ರೀಡ್ ಮಾಂಟಗ್ಯೂ ಇದಕ್ಕೆ ಗಣಿತದ ವಿವರಣೆ ಕೊಟ್ಟರು. ಅದರ ಪ್ರಕಾರ ಈ ನರಕೋಶಗಳು ಲೆಕ್ಕ ಬರೆಯುವ ಗುಮಾಸ್ತನಂತೆ, ಆದರೆ ಅವು ಬರೆಯುವುದು ಒಟ್ಟು ಆದಾಯವನ್ನಲ್ಲ. ಅಂದಾಜಿಗೂ ಕೈಸೇರಿದ್ದಕ್ಕೂ ನಡುವಿನ ವ್ಯತ್ಯಾಸವನ್ನು.

ನವೆಂಬರಿನ ಆ ಪ್ರಕಟಣೆಯನ್ನು ಈ ಬೆಳಕಿನಲ್ಲಿ ನೋಡಬೇಕು. ಸಂತೋಷವನ್ನು ಮೊಟ್ಟಮೊದಲು ಸೂಚಿಸುವ ಸಂಕೇತ ಯಾವುದೋ, ಮಿಡಿತ ಅದರತ್ತ ಹಿಂದೆ ಹಿಂದೆ ಸರಿಯುತ್ತದೆ: ಆಟದಿಂದ ಟ್ರೇಲರಿಗೆ, ಟ್ರೇಲರಿನಿಂದ ಅದರ ದಿನಾಂಕಕ್ಕೆ. ಬಿಡುಗಡೆಯ ದಿನ ಆಟವು ನಿರೀಕ್ಷಿಸಿದಷ್ಟೇ ಚೆನ್ನಾಗಿದ್ದರೂ ವ್ಯತ್ಯಾಸದ ಲೆಕ್ಕದಲ್ಲಿ ಅದು ಸೊನ್ನೆ. ಬಹುಕಾಲ ಕಾದು ಪಡೆದ ಒಳ್ಳೆಯ ಆಟವೂ ಮೊದಲ ಸಂಜೆ ‘ಇಷ್ಟೇನಾ’ ಅನ್ನಿಸುವುದಕ್ಕೆ ಆಟದ ದೋಷವೇ ಕಾರಣವಾಗಬೇಕಿಲ್ಲ.

ಕೋತಿಯ ಪ್ರಯೋಗದಲ್ಲಿ ಕಾಯುವಿಕೆ ಸೆಕೆಂಡುಗಳದು, ಆಟಗಾರರದು ವರ್ಷಗಳದು ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಒಂದೇ ಮಿಡಿತ ಅಷ್ಟು ಕಾಲ ಬಾಳಲಾರದು. ಆದ್ದರಿಂದಲೇ ಪ್ರಚಾರಕ್ಕೆ ಟೀಸರ್, ಚಿತ್ರ, ಸಂದರ್ಶನಗಳ ಸರಣಿ ಬೇಕಾಗುತ್ತದೆ. ಹೊಸದಾಗಿ ಸಿಕ್ಕ ಪ್ರತಿ ತುಣುಕೂ ಅಂದಾಜನ್ನು ಇನ್ನಷ್ಟು ಮೇಲಕ್ಕೆತ್ತುತ್ತದೆ, ಹಾಗೆ ಎತ್ತುವಾಗಲೇ ಖುಷಿ ಕೊಡುತ್ತದೆ.

ಮೌನವೂ ಕೆಲಸ ಮಾಡುತ್ತದೆ. ಕ್ರಿಸ್ಟೋಫರ್ ಫಿಯೊರಿಲ್ಲೊ, ಫಿಲಿಪ್ ಟೋಬ್ಲರ್ ಮತ್ತು ಶುಲ್ಟ್ಸ್ 2003ರಲ್ಲಿ ತೋರಿಸಿದಂತೆ, ರಸ ಬಂದರೂ ಬರಬಹುದು, ಬಾರದಿದ್ದರೂ ಇರಬಹುದು ಎನ್ನುವಂತಿದ್ದಾಗ ಸಂಕೇತದ ಕ್ಷಣದಿಂದ ರಸದ ಕ್ಷಣದವರೆಗೆ ನರಕೋಶಗಳ ಚಟುವಟಿಕೆ ನಿಧಾನವಾಗಿ ಏರುತ್ತ ಹೋಗುತ್ತದೆ. ಸಾಧ್ಯತೆ ಸಮಸಮವಾಗಿದ್ದಾಗ ಈ ಏರಿಕೆ ಅತಿ ಹೆಚ್ಚು. ಖಚಿತವಿದ್ದಾಗ ಅದು ಕಾಣುವುದಿಲ್ಲ. ಹಾಲೋ ನೈಟ್: ಸಿಲ್ಕ್‌ಸಾಂಗ್ ಎಂಬ ಆಟ 2019ರ ಫೆಬ್ರವರಿಯಲ್ಲಿ ಘೋಷಣೆಯಾಗಿ 2025ರ ಸೆಪ್ಟೆಂಬರ್ 4ರಂದು ಹೊರಬಂತು. ನಡುವಿನ ದೀರ್ಘ ಮೌನದಲ್ಲಿ, ಆಟಗಳ ಪ್ರತಿ ದೊಡ್ಡ ಪ್ರದರ್ಶನದ ಹೊತ್ತಿಗೂ ‘ಈ ಸಲವಾದರೂ’ ಎಂಬ ಆಸೆ ಅಭಿಮಾನಿಗಳಲ್ಲಿ ಮರುಹುಟ್ಟು ಪಡೆಯುತ್ತಿತ್ತು. ಬಿಡುಗಡೆಯ ದಿನ ಮುಗಿಬಿದ್ದವರ ಭಾರಕ್ಕೆ ಸ್ಟೀಮ್ ಸೇರಿದಂತೆ ಹಲವು ಆನ್‌ಲೈನ್ ಮಳಿಗೆಗಳು ಕುಸಿದವು.

ಕುಸಿತದ ಇನ್ನೊಂದು ಮುಖ ಸೈಬರ್‌ಪಂಕ್ 2077. 2012ರಲ್ಲಿ ಘೋಷಣೆಯಾದ ಈ ಆಟಕ್ಕೆ 2020ರ ಡಿಸೆಂಬರ್ 10ರ ಬಿಡುಗಡೆಗೆ ಮೊದಲೇ 80 ಲಕ್ಷ ಪ್ರಿ-ಆರ್ಡರ್‌ಗಳು ಬಂದಿದ್ದವು. ಹಳೆಯ ಕನ್ಸೋಲ್‌ಗಳಲ್ಲಿ ಅದು ಮುಗ್ಗರಿಸಿದ ಪರಿ ಹೇಗಿತ್ತೆಂದರೆ, ಒಂದೇ ವಾರದಲ್ಲಿ ಸೋನಿ ಅದನ್ನು ತನ್ನ ಪ್ಲೇಸ್ಟೇಷನ್ ಮಳಿಗೆಯಿಂದ ತೆಗೆದು ಹಣ ಮರಳಿಸಲು ಮುಂದಾಯಿತು. ಅಂದಾಜು ಅಷ್ಟು ಎತ್ತರದಲ್ಲಿರದಿದ್ದರೆ ಆಟಗಾರರ ಸಿಟ್ಟು ಕೂಡ ಅಷ್ಟು ಕೆರಳುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಇದನ್ನೆಲ್ಲ ಓದಿ, ಡೋಪಮೈನ್ ಇಳಿಸಲೆಂದು ಕೆಲಕಾಲ ಮೋಜುಗಳಿಂದ ದೂರವಿರುವ ‘ಡೋಪಮೈನ್ ಉಪವಾಸ’ಕ್ಕೆ ಹೊರಡುವವರ ಬಗ್ಗೆ ನನಗೆ ನಿಜಕ್ಕೂ ಆತಂಕವಿದೆ. ಪಾರ್ಕಿನ್ಸನ್ ರೋಗಿಗಳ ಕೈಕಾಲು ಮಾತು ಕೇಳದಿರುವುದು ಇದೇ ಡೋಪಮೈನ್ ತಯಾರಿಸುವ ಕೋಶಗಳು ಸಾಯುವುದರಿಂದ. ಅದು ವಾರಾಂತ್ಯದಲ್ಲಿ ತೊಳೆದು ಹಾಕಬೇಕಾದ ಕಲ್ಮಶವಲ್ಲ. ಅದು ಬರೆಯುವ ಲೆಕ್ಕ ಇಳಿಜಾರಿನಲ್ಲಿಯೇ ನಿಲ್ಲುವುದೂ ಇಲ್ಲ. 2016ರ ಆಗಸ್ಟಿನಲ್ಲಿ ಬಂದ ನೋ ಮ್ಯಾನ್ಸ್ ಸ್ಕೈ, ಹೇಳಿದ್ದನ್ನು ಕೊಡಲಿಲ್ಲವೆಂದು ಕಟು ಟೀಕೆಗೆ ಗುರಿಯಾಯಿತು. ನಂತರದ ವರ್ಷಗಳಲ್ಲಿ ಅದನ್ನು ತಯಾರಿಸಿದ ಹಲೋ ಗೇಮ್ಸ್ ಸಂಸ್ಥೆಯು ಮುಂಗಡ ಪ್ರಚಾರವನ್ನು ತೀರ ಕಡಿಮೆ ಮಾಡಿ ಒಂದರ ಹಿಂದೊಂದು ಉಚಿತ ಅಪ್‌ಡೇಟ್‌ಗಳನ್ನು ಬಿಡುತ್ತ ಹೋಯಿತು. ಯಾರೂ ಏನನ್ನೂ ನಿರೀಕ್ಷಿಸದಿದ್ದ ಆ ಆಟಕ್ಕೆ ಅಂದಾಜಿನ ಗೆರೆ ನೆಲಮಟ್ಟಕ್ಕಿಳಿದಿತ್ತು, ಹಾಗಾಗಿ ಬಂದದ್ದೆಲ್ಲ ಗೆರೆಗಿಂತ ಮೇಲೆಯೇ ನಿಂತಿತು. ಅದನ್ನು ಬೈದಿದ್ದ ಅನೇಕರು ಮರಳಿ ಬಂದು ಮೆಚ್ಚುಗೆಯ ವಿಮರ್ಶೆ ಬರೆದರು.