ಹಾಚಿಕೋಗೆ ಅನ್ನ ಹಾಕಿದವರು

2024ರ ಜುಲೈ ಮಧ್ಯದಲ್ಲಿ ನಿಪ್ಪಾಣಿ ತಾಲ್ಲೂಕಿನ ಯಮಗರ್ಣಿಯಲ್ಲಿ ಒಂದು ನಾಯಿಗೆ ಹೂವಿನ ಹಾರ ಹಾಕಿ, ಊರವರು ಊಟ ಹಾಕಿಸಿದರು. ನಾಯಿಯ ಹೆಸರು ಮಹಾರಾಜ. ಜೂನ್ ಕೊನೆಯ ವಾರ ಅದು ತನ್ನ ಯಜಮಾನರ ಜೊತೆ ಪಂಢರಪುರದ ವಾರಿಗೆ, ಅಂದರೆ ವಿಠ್ಠಲನ ದರ್ಶನದ ಕಾಲ್ನಡಿಗೆ ಯಾತ್ರೆಗೆ, ಹೊರಟಿತ್ತು. ಸುಮಾರು 250 ಕಿಲೋಮೀಟರ್ ನಡಿಗೆ. ಯಜಮಾನರು ವಿಠ್ಠಲನ ದರ್ಶನ ಮುಗಿಸಿ ಹೊರಗೆ ಬಂದು ನೋಡಿದರೆ ನಾಯಿ ಇಲ್ಲ. ಬೇರೆ ದಿಂಡಿಯವರ (ಯಾತ್ರಿಕರ ತಂಡದವರ) ಜೊತೆ ಹೋಯಿತು ಅಂತ ಅಲ್ಲಿದ್ದವರು ಹೇಳಿದರು. ಹುಡುಕಿದರೂ ಸಿಗಲಿಲ್ಲ. ಜುಲೈ 14ರಂದು ಅವರು ಬರಿಗೈಯಲ್ಲಿ ಊರಿಗೆ ವಾಪಸ್ ಬಂದರು. ಮರುದಿನ ಮಹಾರಾಜ ಮನೆ ಮುಂದೆ ಬಾಲ ಅಲ್ಲಾಡಿಸುತ್ತ ನಿಂತಿತ್ತು.

ಪತ್ರಿಕೆ, ಟಿವಿ, ಮೊಬೈಲ್ ಎಲ್ಲೆಲ್ಲೂ ಅದೇ ಸುದ್ದಿ. ಎಲ್ಲರೂ ಎತ್ತಿ ಹೇಳಿದ್ದು ಆ 250 ಕಿಲೋಮೀಟರನ್ನು. ನನಗೆ ಮಾತ್ರ ಅದರಲ್ಲಿದ್ದ ಇನ್ನೊಂದು ಮಾತು ಮರೆಯಲು ಆಗಿಲ್ಲ. ನಾಯಿ ಸೊರಗಿರಲಿಲ್ಲ, ಹೊಟ್ಟೆಗೆ ಸರಿಯಾಗಿ ಸಿಕ್ಕ ಹಾಗೆ ಚೆನ್ನಾಗಿಯೇ ಇತ್ತು ಅಂತ ಯಜಮಾನರು ಹೇಳಿದ್ದರು. ಅಂದರೆ ಆ ದಾರಿಯಲ್ಲಿ ಯಾರೋ ಅದಕ್ಕೆ ರೊಟ್ಟಿ ಹಾಕಿದ್ದಾರೆ, ನೀರು ಇಟ್ಟಿದ್ದಾರೆ. ಆಷಾಢದಲ್ಲಿ ಪಂಢರಪುರದ ದಾರಿ ನೋಡಿದವರಿಗೆ ಇದು ಆಶ್ಚರ್ಯದ ವಿಷಯವೇ ಅಲ್ಲ. ಊರೂರಲ್ಲಿ ವಾರಕರಿಗಳಿಗೆ ಅನ್ನ, ಚಹಾ ಕೊಡಲು ಜನ ಕಾದು ನಿಂತಿರುತ್ತಾರೆ. ಅವರ ಕಾಲ ಬುಡದಲ್ಲಿ ಬಂದು ನಿಂತ ನಾಯಿಯನ್ನು ಯಾರೂ ಉಪವಾಸ ಕಳಿಸುವುದಿಲ್ಲ.

ದಾರಿ ಹೇಗೆ ಗೊತ್ತಾಯಿತು ಎನ್ನುವುದಕ್ಕೂ ವಿಜ್ಞಾನದಲ್ಲಿ ಒಂದಿಷ್ಟು ಸುಳಿವು ಇದೆ. ನಾಯಿಗೆ ಮೂಗೇ ನಕ್ಷೆ. ಅದೂ ಅಲ್ಲದೆ ಹೋಗುವಾಗ ಮಹಾರಾಜ ಆ ದಾರಿಯನ್ನು ನಡೆದುಕೊಂಡೇ ಹೋಗಿತ್ತು, ಗಾಡಿಯಲ್ಲಿ ಅಲ್ಲ. ಜೆಕ್ ದೇಶದ ಸಂಶೋಧಕರು 27 ಬೇಟೆನಾಯಿಗಳ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ಕಾಡಿನಲ್ಲಿ ಬಿಟ್ಟು ನೋಡಿ, 2020ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಬಂದ ದಾರಿ ಬಿಟ್ಟು ಹೊಸ ದಾರಿಯಲ್ಲಿ ವಾಪಸ್ ಹೊರಡುವ ನಾಯಿಗಳು ಮೊದಲು ಸುಮಾರು 20 ಮೀಟರ್ ಉತ್ತರ-ದಕ್ಷಿಣವಾಗಿ ಓಡುತ್ತಿದ್ದವು. ಆಮೇಲೆ ಮಾಲೀಕನ ಕಡೆ ತಿರುಗುತ್ತಿದ್ದವು. ಭೂಮಿಯ ಅಯಸ್ಕಾಂತೀಯ ಗೆರೆಗಳನ್ನು ನಾಯಿ ಹಿಡಿಯುತ್ತದೆ ಎಂಬ ಅನುಮಾನಕ್ಕೆ ಇದು ಬಲ ಕೊಟ್ಟಿತು. ಅವು ಕಾಡಿನೊಳಗಿನ ಸಣ್ಣ ಓಡಾಟಗಳು, ನಿಜ. ಆದರೆ ನಿಯತ್ತು ಅಂತ ನಾವು ಕರೆಯುವುದರ ಹಿಂದೆ ಇಂಥ ಕಸುಬುದಾರಿಕೆಯೂ ಇದೆ. ಅದನ್ನು ಬಿಟ್ಟು ಬರೀ ಭಾವನೆ ಹೇಳಿದರೆ ನಾಯಿಗೆ ಅನ್ಯಾಯ.

ಯಮಗರ್ಣಿಯಂಥ ಸುದ್ದಿ ಬಂದಾಗಲೆಲ್ಲ, ಸತ್ತ ಯಜಮಾನನಿಗಾಗಿ ವರ್ಷಗಟ್ಟಲೆ ಕಾದ ಜಪಾನಿನ ನಾಯಿ ಹಾಚಿಕೋ ಹೆಸರೂ ಬಂದೇ ಬರುತ್ತದೆ. ಹೆಸರು ಎಲ್ಲರಿಗೂ ಗೊತ್ತು, ಕಥೆ ಅರ್ಧ ಗೊತ್ತು. ಉಳಿದ ಅರ್ಧವೇ ಜಾಸ್ತಿ ಮುಖ್ಯ ಅಂತ ನನಗೆ ಅನಿಸುತ್ತದೆ.

ಹಾಚಿಕೋ, ಅಂದರೆ ಹಾಚಿ, ಹುಟ್ಟಿದ್ದು 1923ರ ನವೆಂಬರ್‌ನಲ್ಲಿ, ಜಪಾನಿನ ಉತ್ತರದ ಅಕಿತಾ ಪ್ರಾಂತ್ಯದ ಓದಾತೆಯಲ್ಲಿ. ಮುಂದಿನ ವರ್ಷದ ಆರಂಭದಲ್ಲಿ ಮರಿಯನ್ನು ರೈಲಿನಲ್ಲಿ ಟೋಕಿಯೋಗೆ ಕಳಿಸಿದರು. ತರಿಸಿಕೊಂಡವರು ಹಿದೆಸಾಬುರೋ ಉಎನೋ. ಟೋಕಿಯೋ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ಕೃಷಿ ಎಂಜಿನಿಯರಿಂಗ್ ಪ್ರಾಧ್ಯಾಪಕರು. ಸಂಜೆ ಯಜಮಾನರು ಬರುವ ಹೊತ್ತಿಗೆ ಶಿಬುಯಾ ರೈಲು ನಿಲ್ದಾಣಕ್ಕೆ ಹೋಗಿ ಎದುರುಗೊಳ್ಳುವುದು ಹಾಚಿಗೆ ರೂಢಿಯಾಯಿತು. 1925ರ ಮೇ 21ರಂದು ಉಎನೋ ಕೆಲಸದಲ್ಲಿದ್ದಾಗಲೇ ಮೆದುಳಿನ ರಕ್ತಸ್ರಾವವಾಗಿ ತೀರಿಕೊಂಡರು. ಇಬ್ಬರೂ ಜೊತೆಗಿದ್ದದ್ದು ಹದಿನಾರು ತಿಂಗಳು, ಅಷ್ಟೇ. ಕಾದದ್ದು ಹತ್ತಿರ ಹತ್ತಿರ ಹತ್ತು ವರ್ಷ.

ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಂದ ನೇರವಾಗಿ ಪ್ರತಿಮೆಗೆ ಹೋಗಿಬಿಡುತ್ತಾರೆ. ನಡುವೆ ಏನಾಯಿತು? ಉಎನೋ ಅವರ ಜೊತೆ ಬಾಳಿದ ಯಾಎಕೋ ಸಕಾನೋ ಕಾನೂನಿನ ಪ್ರಕಾರ ಹೆಂಡತಿಯಾಗಿರಲಿಲ್ಲ. ಹಾಗಾಗಿ ಮನೆಯ ಮೇಲೆ ಆಕೆಗೆ ಹಕ್ಕಿರಲಿಲ್ಲ, ಮನೆ ಬಿಡಬೇಕಾಯಿತು. ನಾಯಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಯಿತು. ಕೊನೆಗೆ ಶಿಬುಯಾ ಹತ್ತಿರವೇ ಇದ್ದ, ಉಎನೋ ಮನೆಯ ತೋಟದ ಕೆಲಸ ನೋಡುತ್ತಿದ್ದ ಕಿಕುಸಾಬುರೋ ಕೊಬಾಯಾಶಿ ಅದನ್ನು ಇಟ್ಟುಕೊಂಡರು. ಹಾಚಿ ಬೀದಿನಾಯಿ ಆಗಿರಲಿಲ್ಲ. ಅದಕ್ಕೊಂದು ಮನೆ ಇತ್ತು, ಅನ್ನ ಹಾಕುವ ಕೈ ಇತ್ತು. ಉಂಡು, ಮಲಗಿ, ನಿಲ್ದಾಣಕ್ಕೆ ಹೋಗಿ ಬರುತ್ತಿತ್ತು. ತೋಟದ ಕೆಲಸದವನ ಹೆಸರು ಹೇಳದೆ ಹಾಚಿಯ ಕಥೆ ಹೇಳುವುದು ನನಗೆ ಸರಿ ಕಾಣುವುದಿಲ್ಲ.

ನಿಲ್ದಾಣದಲ್ಲಿ ಅದಕ್ಕೆ ಮೊದಮೊದಲು ಸಿಕ್ಕಿದ್ದು ಪ್ರೀತಿ ಅಲ್ಲ. ಸಿಬ್ಬಂದಿ ಓಡಿಸುತ್ತಿದ್ದರು, ಹುಡುಗರು ಮುಖಕ್ಕೆ ಮಸಿ ಬಳಿದು ಕಾಡಿಸುತ್ತಿದ್ದರು. ಏಳು ವರ್ಷ ಹೀಗೇ ಕಳೆಯಿತು. 1932ರ ಅಕ್ಟೋಬರ್‌ನಲ್ಲಿ ಅಸಾಹಿ ಪತ್ರಿಕೆಯಲ್ಲಿ ಸತ್ತ ಯಜಮಾನನಿಗಾಗಿ ಕಾಯುವ ಮುದಿ ನಾಯಿಯ ಸುದ್ದಿ ಬಂತು. ಆ ವರದಿಗೆ ಕಾರಣರಾದವರು ಹಿರೋಕಿಚಿ ಸೈತೋ. ಜಪಾನಿನ ನಾಡನಾಯಿ ತಳಿಗಳನ್ನು ಉಳಿಸಲು ಓಡಾಡುತ್ತಿದ್ದವರು. ಅವರ ಲೆಕ್ಕಕ್ಕೆ ಆಗ ಸಿಕ್ಕ ಶುದ್ಧ ಅಕಿತಾ ನಾಯಿಗಳು ಸುಮಾರು 30, ಅದರಲ್ಲಿ ಹಾಚಿಯೂ ಒಂದು. ಒಂದೇ ವರದಿ, ಎಲ್ಲ ಬದಲಾಯಿತು. ನಿನ್ನೆವರೆಗೆ ಓಡಿಸುತ್ತಿದ್ದವರೇ ತಿಂಡಿ ಹಾಕತೊಡಗಿದರು. ಶಾಲಾಮಕ್ಕಳು ದುಡ್ಡು ಕೂಡಿಸಿ ಕಳಿಸಿದರು. 1934ರ ಏಪ್ರಿಲ್ 21ರಂದು ಶಿಲ್ಪಿ ತೆರು ಆಂದೋ ಮಾಡಿದ ಕಂಚಿನ ಪ್ರತಿಮೆ ಶಿಬುಯಾದಲ್ಲಿ ಅನಾವರಣವಾಯಿತು. ಬದುಕಿದ್ದ ಹಾಚಿ ಆ ಸಮಾರಂಭದಲ್ಲಿ ತನ್ನದೇ ಪ್ರತಿಮೆಯ ಮುಂದೆ ಇತ್ತು. ವಯಸ್ಸಾದ ಮೇಲೆ ಅದರ ಎಡಗಿವಿ ಜೋತುಬಿದ್ದಿತ್ತು. ಶಿಬುಯಾದ ಕಂಚಿನಲ್ಲೂ ಆ ಕಿವಿ ಜೋತುಬಿದ್ದೇ ಇದೆ.

1935ರ ಮಾರ್ಚ್ 8ರಂದು ಹಾಚಿ ಶಿಬುಯಾದ ಒಂದು ಬೀದಿಯಲ್ಲಿ ಸತ್ತು ಬಿದ್ದಿತ್ತು. ದೇಹ ಕೊಯ್ದು ನೋಡಿದಾಗ ಹೃದಯದಲ್ಲಿ ಹುಳುಗಳಿದ್ದವು. ಹೊಟ್ಟೆಯಲ್ಲಿ ಸುಟ್ಟ ಕೋಳಿಮಾಂಸ ಚುಚ್ಚುವ ಬಿದಿರಿನ ಕಡ್ಡಿಗಳು ಸಿಕ್ಕವು. ತೆಗೆದಿಟ್ಟ ಅಂಗಾಂಗಗಳನ್ನು ಮತ್ತೆ ಪರೀಕ್ಷೆ ಮಾಡಿ, ಹೃದಯಕ್ಕೂ ಶ್ವಾಸಕೋಶಕ್ಕೂ ಕ್ಯಾನ್ಸರ್ ಆಗಿತ್ತು ಅಂತ 2011ರಲ್ಲಿ ತಿಳಿಸಿದರು. ಆ ಕಡ್ಡಿಗಳನ್ನು ಹಿಡಿದುಕೊಂಡು ವಾದ ಮಾಡುವವರು ಇದ್ದಾರೆ. ಅದು ಯಜಮಾನನಿಗಾಗಿ ಬರುತ್ತಿರಲಿಲ್ಲ, ಅಂಗಡಿಯವರು ಹಾಕುವ ಮಾಂಸಕ್ಕಾಗಿ ಬರುತ್ತಿತ್ತು ಅಂತ. ನನಗೆ ಆ ವಾದ ಒಪ್ಪಿಗೆ ಇಲ್ಲ. ಮೊದಲ ಏಳು ವರ್ಷ ಅಲ್ಲಿ ಅದಕ್ಕೆ ಏಟು ಬೈಗುಳವೇ ಜಾಸ್ತಿ. ತಿನ್ನಲು ಸಿಕ್ಕರೆ ನಾಯಿ ತಿನ್ನುತ್ತದೆ, ಅಲ್ವಾ? ತಿಂದಿತು ಅಂದ ಮಾತ್ರಕ್ಕೆ ಕಾಯಲಿಲ್ಲ ಅಂತ ಆಗುವುದಿಲ್ಲ. ಯಮಗರ್ಣಿಯ ಮಹಾರಾಜ ಹೊಟ್ಟೆ ತುಂಬಿಸಿಕೊಂಡು ಬಂತು ಅಂತ ಅದು ಮನೆಗೆ ಬಂದದ್ದು ಸುಳ್ಳಾಗುತ್ತದೆಯೇ?

ಹಾಚಿಯ ಹೆಸರಿಗೆ ದೊಡ್ಡ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ಯುದ್ಧಕ್ಕೆ ಸಜ್ಜಾಗುತ್ತಿದ್ದ ಸರ್ಕಾರಕ್ಕೆ ಇಂಥ ಕಥೆ ಬೇಕಾಗಿತ್ತು. ಹಾಚಿ ಶಾಲೆಯ ನೀತಿಪಾಠದ ಪುಸ್ತಕ ಸೇರಿತು, ಮಾಡಿದ ಉಪಕಾರ ಮರೆಯಬೇಡ ಎಂಬ ಪಾಠವಾಗಿ. ನಾಯಿ ಯಜಮಾನನಿಗೆ ಹೇಗೋ ಪ್ರಜೆ ದೊರೆಗೆ ಹಾಗೆ ಅಂತ ಮಕ್ಕಳಿಗೆ ಅರ್ಥವಾಗಲಿ ಎನ್ನುವುದು ಉದ್ದೇಶ. ಅದೇ ಸರ್ಕಾರ ಯುದ್ಧದ ಕೊನೆಗೆ ಲೋಹ ಸಾಲದೆ ಹಾಚಿಯ ಪ್ರತಿಮೆಯನ್ನೇ ಕರಗಿಸಿತು. ಪ್ರತಿಮೆ ಮಾಡಿದ ತೆರು ಆಂದೋ 1945ರ ಬಾಂಬ್ ದಾಳಿಯಲ್ಲಿ ಸತ್ತರು. ಯುದ್ಧ ಮುಗಿದು ಮೂರು ವರ್ಷಕ್ಕೆ, 1948ರ ಆಗಸ್ಟ್‌ನಲ್ಲಿ, ಅವರ ಮಗ ತಾಕೇಶಿ ಆಂದೋ ಹೊಸ ಪ್ರತಿಮೆ ಮಾಡಿಕೊಟ್ಟರು. ಈಗ ಶಿಬುಯಾದಲ್ಲಿ ಜನ ಮುಟ್ಟಿ ಮುಟ್ಟಿ ನುಣುಪಾಗಿರುವುದು ಆ ಎರಡನೆಯದು.

ಸತ್ತ ನಾಯಿಯ ನಿಯತ್ತನ್ನು ಯಾರಾದರೂ ತಮ್ಮ ಕೆಲಸಕ್ಕೆ ಬಳಸಿಕೊಳ್ಳುವುದು ಜಪಾನಿನಲ್ಲಿ ಮಾತ್ರ ಅಲ್ಲ. ಬೆಳಗಾವಿ ಕಡೆಯವರಿಗೆ ರಾಯಗಡದ ವಾಘ್ಯಾ ಗೊತ್ತೇ ಇರುತ್ತದೆ. ಶಿವಾಜಿ ಮಹಾರಾಜರ ಚಿತೆಗೆ ಹಾರಿತು ಎನ್ನುವ ನಾಯಿ. ಅದರ ಸ್ಮಾರಕ ಎದ್ದದ್ದು 1936ರಲ್ಲಿ. ಆ ಕಾಲದ ದಾಖಲೆಗಳಲ್ಲಿ ಅಂಥ ನಾಯಿಯೇ ಇಲ್ಲ ಅಂತ ಆಕ್ಷೇಪ ಎತ್ತಿ, 2012ರಲ್ಲಿ ಕೆಲವರು ಪ್ರತಿಮೆ ಕಿತ್ತರು. ಮತ್ತೆ ಕೂರಿಸಲಾಯಿತು. 2025ರಲ್ಲಿ ಅದನ್ನು ತೆಗೆಯಬೇಕೆಂಬ ಬೇಡಿಕೆ ಮತ್ತೆ ಎದ್ದಿತು. ಈ ಜಗಳದಲ್ಲಿ ನಾಯಿಯ ಬಗ್ಗೆ ಮಾತಾಡಿದವರು ಕಡಿಮೆ.

ಕನ್ನಡದಲ್ಲಿ ಮಾತ್ರ ಅನುಮಾನಕ್ಕೆ ಜಾಗವೇ ಇಲ್ಲದ ಒಂದು ನಾಯಿಯ ಕಲ್ಲಿದೆ. ಹಾಚಿಗಿಂತ ಸಾವಿರ ವರ್ಷ ಹಳೆಯದು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ. ಕ್ರಿ.ಶ. 949ರ ಸುಮಾರಿಗೆ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ಯುದ್ಧವಾಯಿತು. ಕೃಷ್ಣನ ಪರವಾಗಿ ಗಂಗರ ಬೂತುಗ ಹೋರಾಡಿದ. ಬೂತುಗನ ಬಂಟ ಮಣಲೇರ. ಅವನ ಪರಾಕ್ರಮ ಮೆಚ್ಚಿದ ದೊರೆ ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆಮೇಲೆ ಆ ಕಾಳಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿತ್ತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಆತಕೂರಿನ ಗುಡಿಯ ಮುಂದೆ ಕಲ್ಲು ನಿಲ್ಲಿಸಿದರು. ಕಲ್ಲಿನ ಮೇಲ್ಭಾಗದಲ್ಲಿ ನಾಯಿ, ಹಂದಿ ಎದುರುಬದುರು ಕಚ್ಚಾಡುತ್ತಿವೆ. ಸುತ್ತಲೂ ಹಳಗನ್ನಡದ ಅಕ್ಷರ. ಬರೀ ಹೊಗಳಿ ಸುಮ್ಮನಾಗಲಿಲ್ಲ ಅವರು. ಕಲ್ಲಿನ ಪೂಜೆಗೆ ಅಂತ ಭೂಮಿ ಬಿಟ್ಟರು. ಪೂಜೆ ಮಾಡದೆ ಊಟ ಮಾಡುವ ಗೊರವನಿಗೆ (ಶೈವ ಪೂಜಾರಿಗೆ) ಪಾಪ ತಟ್ಟಲಿ ಅಂತಲೂ ಬರೆಸಿದರು. ಈಗ ಆ ಕಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಕಾಳಿ ಯಾವ ತಳಿ ಅಂತ ಕಲ್ಲು ಹೇಳುವುದಿಲ್ಲ. ಬೇಟೆನಾಯಿ ಅಂದ ಕೂಡಲೇ ನಮ್ಮ ಕಡೆಯವರ ಬಾಯಲ್ಲಿ ಬರುವ ಹೆಸರು ಮುಧೋಳ. ಉದ್ದ ಮೂತಿ, ತೆಳು ಸೊಂಟ, ಎರಡು ಅಡಿ ದಾಟುವ ಎತ್ತರ. ಮೂಗಿಗಿಂತ ಕಣ್ಣು ನಂಬಿ ಬೇಟೆಯಾಡುವ ನಾಯಿ. ಪರ್ಷಿಯಾ, ಮಧ್ಯ ಏಷ್ಯಾ ಕಡೆಯಿಂದ ಸೈನ್ಯ, ವ್ಯಾಪಾರಿಗಳ ಜೊತೆ ಬಂದ ನಾಯಿಗಳು ಇಲ್ಲಿಯವುಗಳ ಜೊತೆ ಬೆರೆತು ಈ ತಳಿ ಆಯಿತು ಎನ್ನುತ್ತಾರೆ. ಕಾರವಾನ್ ಎಂಬ ಇನ್ನೊಂದು ಹೆಸರೂ ಅದಕ್ಕಿದೆ. 20ನೇ ಶತಮಾನದ ಆರಂಭದಲ್ಲಿ ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಅವರು ಬೇಡರ ಬಳಿ ಇದ್ದ ಇಂಥ ನಾಯಿಗಳನ್ನು ಗುರುತಿಸಿ, ಆರಿಸಿ ಬೆಳೆಸಿದರು. ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಅವರು ಒಂದು ಜೋಡಿ ಕೊಟ್ಟ ಕಥೆಯನ್ನು ಮುಧೋಳದಲ್ಲಿ ಇಂದಿಗೂ ಹೇಳುತ್ತಾರೆ.

ಓದಾತೆಗೂ ಮುಧೋಳಕ್ಕೂ ಇಲ್ಲಿ ಒಂದು ಹೋಲಿಕೆ ಇದೆ. ಅಕಿತಾ ತಳಿಗೆ 1931ರಲ್ಲಿ ಜಪಾನ್ ಸರ್ಕಾರದ ರಕ್ಷಣೆ ಸಿಕ್ಕಿತು. ಅದಕ್ಕೆ ಜನರ ಪ್ರೀತಿ ಸಿಕ್ಕಿದ್ದು ಹಾಚಿಯಿಂದ. ಮುಧೋಳ ತಳಿಗೆ ಅಂಥ ಒಂದು ಪ್ರಸಿದ್ಧ ನಾಯಿ ಇಲ್ಲ. ಅದನ್ನು ಉಳಿಸಿದ್ದು ಮೊದಲು ಸಂಸ್ಥಾನ, ಸಂಸ್ಥಾನ ಹೋದ ಮೇಲೆ ಮುಧೋಳ ಸುತ್ತಲಿನ ರೈತರು. ತಾವು ತಿನ್ನುವ ಜೋಳದ ರೊಟ್ಟಿಯಲ್ಲೇ ಪಾಲು ಕೊಟ್ಟು ಸಾಕಿದರು. 2005ರಲ್ಲಿ ಅಂಚೆಚೀಟಿ ಬಂತು. ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಶುರುವಾಯಿತು. 2016ರಲ್ಲಿ ಮರಿಗಳು ಮೀರಠ್‌ನ ಸೇನಾ ತರಬೇತಿ ಕೇಂದ್ರಕ್ಕೆ ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ರೇಡಿಯೋ ಭಾಷಣದಲ್ಲಿ ಮುಧೋಳ ನಾಯಿಯ ಹೆಸರು ಹೇಳಿದರು. ಮರಿಗಳಿಗೆ ಎಲ್ಲಿಲ್ಲದ ಬೇಡಿಕೆ ಬಂತು.

ಈ ಬೇಡಿಕೆಯೇ ಈಗ ನನಗೆ ಚಿಂತೆ. ನಿಯತ್ತಿನ ನಾಯಿ, ಸೇನೆಯ ನಾಯಿ ಅಂತ ಹೆಸರು ಕೇಳಿ ಮರಿ ಒಯ್ಯುವವರಲ್ಲಿ ಎಷ್ಟೋ ಜನ ಊರಿನ ಮೂರನೇ ಮಹಡಿಯಲ್ಲಿರುತ್ತಾರೆ. ಮುಧೋಳ ನಾಯಿಗೆ ದಿನಾ ಬಯಲಲ್ಲಿ ಓಟ ಬೇಕು. ಅಪರಿಚಿತರು ಮೈ ಮುಟ್ಟಿದರೆ ಅದಕ್ಕೆ ಸೇರುವುದಿಲ್ಲ. ಕಟ್ಟಿಹಾಕಿದರೆ ಸೊರಗುತ್ತದೆ. ಮೊಲದ ಹಿಂದೆ ಹೊಲ ದಾಟುವ ನಾಯಿಯನ್ನು ಬಾಲ್ಕನಿಯಲ್ಲಿ ಕಟ್ಟಿ, ಅದು ಕಿರಿಕಿರಿ ಮಾಡುತ್ತದೆ ಅಂತ ಒಂದು ವರ್ಷಕ್ಕೆ ಬೇರೆಯವರಿಗೆ ದಾಟಿಸುವುದು, ಇಲ್ಲವೇ ಊರ ಹೊರಗೆ ಬಿಟ್ಟು ಬರುವುದು ಎಲ್ಲಿಯ ನ್ಯಾಯ? ಸಾಕಿದ ನಾಯಿಯನ್ನು ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಮರಿ ಕೊಳ್ಳುವವರಿಗೆ ಈ ಮಾತು ಹೇಳುವವರೇ ಇಲ್ಲ.

ಹಾಚಿಯ ಕಥೆಯಲ್ಲಿ ಒಂದು ಬಾಕಿ ಮಾತ್ರ ಬಹಳ ತಡವಾಗಿ ತೀರಿತು. ಹಾಚಿಯ ಚರ್ಮಕ್ಕೆ ಆಕಾರ ಕೊಟ್ಟು ಟೋಕಿಯೋದ ರಾಷ್ಟ್ರೀಯ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಆಓಯಾಮಾ ಸ್ಮಶಾನದಲ್ಲಿ ಉಎನೋ ಸಮಾಧಿಯ ಪಕ್ಕ ಅದಕ್ಕೂ ಒಂದು ಗುರುತು ಇದೆ. 2015ರಲ್ಲಿ ಅವರ ವಿಶ್ವವಿದ್ಯಾಲಯದ ಆವರಣದಲ್ಲಿ ಯಜಮಾನರ ಮೇಲೆ ಹಾರಿ ಮುಂಗಾಲು ಇಟ್ಟ ಹಾಚಿಯ ಹೊಸ ಪ್ರತಿಮೆಯೂ ಬಂತು. ಆದರೆ ಇಬ್ಬರ ಜೊತೆಯಲ್ಲೂ ಬಾಳಿದ ಯಾಎಕೋ ಸಕಾನೋ 1961ರಲ್ಲಿ ತೀರಿಕೊಂಡಾಗ ಆಕೆಗೆ ಆ ಸಮಾಧಿಯಲ್ಲಿ ಜಾಗ ಸಿಗಲಿಲ್ಲ. ಆಕೆಯ ಚಿತಾಭಸ್ಮದ ಒಂದು ಪಾಲನ್ನು ಅಲ್ಲಿ ಸೇರಿಸಿದ್ದು 2016ರಲ್ಲಿ.